ಸ್ಪಷ್ಟನೆ: 300 ಯೂನಿಟ್ ದಾಟಿದರೆ ಇಡೀ ಕರೆಂಟ್ ಬಿಲ್ ಏರುವುದಿಲ್ಲ

ಮುಂಬೈ ಕಡೆ ಮಾಟುಂಗಾದಿಂದ ಡೊಂಬಿವಲಿವರೆಗೆ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ‘ಕರೆಂಟ್ 300 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಜಾಸ್ತಿ ದರ.’ ಇದು ತಪ್ಪು.

ಮಹಾರಾಷ್ಟ್ರದ ಮನೆ ಬಿಲ್‌ನಲ್ಲಿ ನಾಲ್ಕು ಸ್ಲ್ಯಾಬ್ (ಬಳಕೆಯ ಹಂತ): 100 ಯೂನಿಟ್‌ವರೆಗೆ, 101ರಿಂದ 300, 301ರಿಂದ 500, ಅದಕ್ಕೂ ಮೇಲೆ. ಒಂದೊಂದು ಸ್ಲ್ಯಾಬ್‌ನ ಯೂನಿಟ್‌ಗೆ ಅದರದೇ ದರ. 310 ಯೂನಿಟ್ ಆಯಿತು ಅನ್ನಿ. ಮೂರನೇ ದರ ಬೀಳುವುದು ಕೊನೆಯ 10 ಯೂನಿಟ್‌ಗೆ ಮಾತ್ರ. ಕೆಲವು ಕಂಪನಿಗಳ ಫಿಕ್ಸೆಡ್ ಚಾರ್ಜ್ ಸ್ಲ್ಯಾಬ್ ನೋಡಿಕೊಂಡು ಸ್ವಲ್ಪ ಏರುತ್ತದೆ, ಅದು ನಿಜ. ಶೇ. 16 ವಿದ್ಯುತ್ ಸುಂಕವೂ ಸೇರುತ್ತದೆ.

ಹಾಗಾಗಿ 299ಕ್ಕೆ ಮೇನ್ ಸ್ವಿಚ್ ಆರಿಸಿ ಸುಮ್ನೆ ಬೆವರುತ್ತಾ ಕೂರಬೇಕಿಲ್ಲ! ಮೇ ತಿಂಗಳ ಬಿಲ್ ಏರಿಸುವುದು ಹೆಚ್ಚಾಗಿ ಏಸಿ. ಒಂದೂವರೆ ಟನ್ನಿನದು ಗಂಟೆಗೆ ಒಂದು, ಒಂದೂವರೆ ಯೂನಿಟ್ ಎಳೆಯುತ್ತದೆ. 18ರ ಬದಲು 25ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಫ್ಯಾನ್‌ನಲ್ಲೂ ಲೆಕ್ಕ ಇದೆ: ಹಳೆಯದಕ್ಕೆ ಸುಮಾರು 75 ವ್ಯಾಟ್ ಬೇಕು, ಕಡಿಮೆ ಕರೆಂಟ್ ಎಳೆಯುವ ಮೋಟರ್ ಇರುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನ್‌ಗೆ 30 ಸಾಕು. ದಿನಕ್ಕೆ 12 ಗಂಟೆ ತಿರುಗಿದರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಮೊಬೈಲ್ ಚಾರ್ಜರ್ ಕಿತ್ತಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ.