ಎಂಟು ರಿಕ್ಟರ್ ಗ್ಯಾರಂಟಿ

"ಸರ್, ನಮ್ಮ ಬಿಲ್ಡಿಂಗ್ 8 ರಿಕ್ಟರ್ ತಡೆಯುತ್ತೆ."

ಫ್ಲ್ಯಾಟ್ ನೋಡಲು ಹೋದವನಿಗೆ ಮಾರಾಟದ ಹುಡುಗ ಹೇಳಿದ ಮೊದಲ ಮಾತು ಇದು. ನನ್ನ ಹೆಸರು ಕೇಳುವ ಮೊದಲೇ ಭೂಕಂಪದ ಭರವಸೆ. ಕೈಗೊಂದು ಮಿರಮಿರ ಮಿಂಚುವ ಕರಪತ್ರ ಕೊಟ್ಟ. ಅದರಲ್ಲಿ ಈಜುಕೊಳದ ಪಕ್ಕ ನಗುತ್ತಾ ಕೂತ ಒಂದು ಸಂಸಾರ. ಸಂಸಾರದ ತಲೆಯ ಮೇಲೆ ಹಳದಿ ನಕ್ಷತ್ರ. ನಕ್ಷತ್ರದ ಹೊಟ್ಟೆಯಲ್ಲಿ '8 ರಿಕ್ಟರ್ ಪ್ರೂಫ್'.

"7 ಬಂದ್ರೆ?" ಎಂದೆ.

"7 ಏನ್ ಸರ್, ಗೊತ್ತೇ ಆಗಲ್ಲ."

"8.1?"

ಹುಡುಗ ಒಂದು ಕ್ಷಣ ಯೋಚಿಸಿದ. "ಅದಕ್ಕೆ ಮ್ಯಾನೇಜರ್ ಹತ್ರ ಮಾತಾಡಬೇಕಾಗುತ್ತೆ."

ಪಾಪ, ಹುಡುಗನ ತಪ್ಪಿಲ್ಲ. ಈ ನಕ್ಷತ್ರವನ್ನು ಲೋಕದ ತುಂಬಾ ಅಂಟಿಸಿಕೊಂಡು ಓಡಾಡುವವರಿದ್ದಾರೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಈ ಲೆಕ್ಕ ಕೊಟ್ಟದ್ದು ಭೂಕಂಪ ಎಷ್ಟು ದೊಡ್ಡದು ಎಂದು ಹೇಳಲಿಕ್ಕೆ. ನಿಮ್ಮ ಮನೆ ಎಷ್ಟು ಗಟ್ಟಿ ಎಂದು ಹೇಳಲಿಕ್ಕಲ್ಲ. 1000 ವ್ಯಾಟ್‌ನ ಧ್ವನಿವರ್ಧಕ ಇದೆ ಅಂದುಕೊಳ್ಳಿ. ಅದು ನಿಮ್ಮ ಕಿಟಕಿಯ ಕೆಳಗಿದೆಯೋ, ನಾಲ್ಕು ಬೀದಿ ಆಚೆ ಇದೆಯೋ ಅನ್ನುವುದರ ಮೇಲೆ ನಿಮ್ಮ ನಿದ್ದೆ ನಿಂತಿದೆ. "ನನ್ನ ಕಿವಿ 1000 ವ್ಯಾಟ್ ಪ್ರೂಫ್" ಎಂದು ಯಾರಾದರೂ ಹೇಳಿದರೆ ನಗುತ್ತೀರಿ ಅಲ್ವಾ? ಮನೆಯ ವಿಷಯದಲ್ಲಿ ಮಾತ್ರ ಅದೇ ಮಾತಿಗೆ ಮುಂಗಡ ಕೊಟ್ಟು ಬರುತ್ತೇವೆ. (ದೊಡ್ಡ ಭೂಕಂಪಗಳನ್ನು ಅಳೆಯಲು ವಿಜ್ಞಾನಿಗಳು ರಿಕ್ಟರ್ ಮಾಪಕ ಬಿಟ್ಟು ಎಷ್ಟೋ ವರ್ಷವಾಯಿತು. ಕರಪತ್ರಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.)

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಕಡೆ 2010ರ ಸೆಪ್ಟೆಂಬರಿನಲ್ಲಿ 7.1ರ ಭೂಕಂಪ ಬಂತು. ಕಟ್ಟಡ ಬಿದ್ದು ಯಾರೂ ಸಾಯಲಿಲ್ಲ. ಐದೇ ತಿಂಗಳಿಗೆ, 2011ರ ಫೆಬ್ರವರಿಯಲ್ಲಿ, 6.2ರದ್ದು ಬಂತು. 185 ಜನ ಹೋದರು. ಚಿಕ್ಕದು ಕೊಂದಿತು, ದೊಡ್ಡದು ಬಿಟ್ಟಿತು. ಯಾಕೆಂದರೆ ಚಿಕ್ಕದು ಊರಿನ ಕಾಲಬುಡದಲ್ಲೇ, ಹೆಚ್ಚು ಆಳವಿಲ್ಲದ ಕಡೆ ಎದ್ದಿತ್ತು. ನಮ್ಮ ನಕ್ಷತ್ರದ ಲೆಕ್ಕದಲ್ಲಿ 7 ತಡೆದ ಮನೆಗೆ 6 ಅನ್ನುವುದು ಸೊಳ್ಳೆ ಕಡಿತ.

"ಇಲ್ಲಿ ಮಣ್ಣು ಎಂಥದ್ದು?" ಎಂದು ಕೇಳಿದೆ.

ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಣ್ಣು ಯಾಕೆ ಸರ್? ಟೈಲ್ಸ್ ನೋಡಿ, ಇಂಪೋರ್ಟೆಡ್."

ಮಣ್ಣಿನ ಮೇಲೆ ಯಾರಿಗೂ ಪ್ರೀತಿ ಇಲ್ಲ. ಅದರ ಫೋಟೋ ಚೆನ್ನಾಗಿ ಬರುವುದಿಲ್ಲ. ಮೆಕ್ಸಿಕೋ ನಗರ ಹಳೇ ಕೆರೆಯ ಮೆತ್ತನೆ ಜೇಡಿಯ ಮೇಲೆ ಕೂತಿದೆ. 1985ರಲ್ಲಿ ಭೂಕಂಪ ಎದ್ದದ್ದು 350 ಕಿಲೋಮೀಟರಿಗೂ ಆಚೆ, ಸಮುದ್ರದ ದಡದಲ್ಲಿ. ಅಷ್ಟು ದೂರದಿಂದ ಬಂದ ಅಲೆ ಈ ಜೇಡಿಗೆ ಸಿಕ್ಕಿ ತೂಗುಯ್ಯಾಲೆ ಆಯಿತು. ಒಂದು ತೂಗಿಗೆ ಸುಮಾರು 2 ಸೆಕೆಂಡು. ಸುಮಾರು 6ರಿಂದ 15 ಅಂತಸ್ತಿನ ಕಟ್ಟಡಗಳಿಗೆ ಅದೇ ತಾಳ ಹಿಡಿಸಿತು. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳುತ್ತಾ ಹೋದರೆ ಏನಾಗುತ್ತದೋ ಅದೇ ಆಯಿತು. ಅದೇ ಊರಿನ ಬಂಡೆ ನೆಲದಲ್ಲಿದ್ದ ಮನೆಗಳು ಹೆಚ್ಚೇನೂ ಆಗದೆ ಉಳಿದವು. ಭೂಕಂಪ ಒಂದೇ, ಊರು ಒಂದೇ, ಅಡಿಯ ಮಣ್ಣು ಬೇರೆ.

ಜಪಾನಿನ ನೀಗಾಟಾದಲ್ಲಿ 1964ರಲ್ಲಿ ಆದದ್ದು ಇನ್ನೂ ವಿಚಿತ್ರ. ಅಲ್ಲಿ ಕಾಂಕ್ರೀಟಿನ ನಾಲ್ಕಂತಸ್ತಿನ ಕಟ್ಟಡಗಳು ಬಹಳ ಗಟ್ಟಿ. ಎಷ್ಟು ಗಟ್ಟಿ ಅಂದರೆ, ಒಂದಂತೂ ಮುರಿಯದೆ ಇಡಿಯಾಗಿ ನೆಲಕ್ಕೊರಗಿ ಮಲಗಿತು. ಕೆಳಗಿನ ಒದ್ದೆ ಮರಳು ಕಂಪನಕ್ಕೆ ಸಿಕ್ಕಿ ಗಂಜಿಯಂತೆ ಸಡಿಲವಾಗಿತ್ತು. ಕೆಲವರು ಗೋಡೆಯ ಮೇಲೆ ನಡೆದೇ ಕೆಳಗಿಳಿದರಂತೆ. ನಮ್ಮ ಹುಡುಗನಿಗೆ ಇದನ್ನು ಹೇಳಿದರೆ "ನೋಡಿ ಸರ್, ಒಂದು ಬಿರುಕೂ ಬಿಟ್ಟಿಲ್ಲ" ಎಂದು ಅದನ್ನೂ ಕರಪತ್ರಕ್ಕೆ ಹಾಕಿಬಿಟ್ಟಾನು.

ಇದಕ್ಕೆ ಮದ್ದು ಇಲ್ಲದೆ ಇಲ್ಲ. ಸಡಿಲ ಮರಳಿನ ನೆಲವನ್ನು ಮೊದಲೇ ಕುಟ್ಟಿ ಬಿಗಿ ಮಾಡಬಹುದು. ಟನ್‌ಗಟ್ಟಲೆ ತೂಕವನ್ನು ಕ್ರೇನಿನಿಂದ ಎತ್ತಿ ಎತ್ತಿ ಬೀಳಿಸುತ್ತಾರೆ, ಇಲ್ಲವೇ ನೆಲದೊಳಗೆ ಜಲ್ಲಿಯ ಕಂಬ ಇಳಿಸುತ್ತಾರೆ. 1995ರ ಭೂಕಂಪದಲ್ಲಿ ಜಪಾನಿನದೇ ಕೋಬೆಯ ಬಂದರು ಕುಸಿದಾಗ, ಮೊದಲೇ ಹೀಗೆ ಬಿಗಿ ಮಾಡಿದ್ದ ಜಾಗಗಳು ಅಕ್ಕಪಕ್ಕದ ಜಾಗಗಳಿಗಿಂತ ಎಷ್ಟೋ ಕಡಿಮೆ ತಗ್ಗಿದವು. ಆದರೆ ಖರ್ಚು ಮಾಡಿದ ಮೇಲೆ ಕಾಣುವುದೇನು? ಮೊದಲಿನಂಥದೇ ಖಾಲಿ ನೆಲ. ಅದೇ ದುಡ್ಡಿಗೆ ಒಂದು ಕಾರಂಜಿ ಬರುತ್ತದೆ.

ಮುಂದೆ ಪಾರ್ಕಿಂಗ್ ತೋರಿಸಿದ. ನೆಲಮಹಡಿ ಪೂರ್ತಿ ಬಯಲು. ಒಂದು ಗೋಡೆ ಇಲ್ಲ, ಬರೀ ಕಂಬಗಳು. ಮೇಲೆ ಒಂಬತ್ತು ಮಹಡಿ ಇಟ್ಟಿಗೆ ಗೋಡೆ ತುಂಬಿಕೊಂಡು ಬಿಗಿಯಾಗಿ ಕೂತಿವೆ. ಆನೆಗೆ ಕೊಕ್ಕರೆಯ ಕಾಲು ಜೋಡಿಸಿದ ಹಾಗೆ. ಲಾಸ್ ಏಂಜಲೀಸಿನಲ್ಲಿ 1994ರ ಭೂಕಂಪದಲ್ಲಿ ಇಂಥ ಒಂದು ಅಪಾರ್ಟ್‌ಮೆಂಟಿನ ಕೆಳಮಹಡಿ ಅಪ್ಪಚ್ಚಿಯಾಗಿ 16 ಜನ ಸತ್ತರು. ಇಂಥ ಕಟ್ಟಡಗಳನ್ನು ಗಟ್ಟಿ ಮಾಡಲೇಬೇಕು ಎಂಬ ಕಾನೂನನ್ನು ಆ ಊರು ತಂದದ್ದು 2015ರಲ್ಲಿ. ಸುಮ್ನೆ 21 ವರ್ಷ. ಅವಸರವೇನಿತ್ತು ಹೇಳಿ, ಕಾರಿಗೆ ಜಾಗ ಬೇಕಲ್ಲ.

ಹುಡುಗ ಫೋನಿನಲ್ಲಿ ಮುಳುಗಿದ್ದಾಗ ನಾನು ಹಿಂದಿನ ಬ್ಲಾಕಿನ ಕಡೆ ಜಾರಿದೆ. ಅಲ್ಲಿ ಕಾಂಕ್ರೀಟು ಹಾಕಲು ಒಂದು ಕಂಬ ತಯಾರಾಗುತ್ತಿತ್ತು. ಎಂಟು ದಪ್ಪ ಸರಳು ನೆಟ್ಟಗೆ ನಿಂತಿವೆ. ಅವುಗಳ ಸುತ್ತ ತೆಳು ಸರಳಿನ ರಿಂಗುಗಳನ್ನು ಕಟ್ಟುತ್ತಾ ಒಬ್ಬ ಕೂತಿದ್ದಾನೆ. ಪ್ರತಿ ರಿಂಗಿನ ತುದಿಯನ್ನು ಒಂದೇ ಏಟಿಗೆ ಲಂಬವಾಗಿ, 90 ಡಿಗ್ರಿಗೆ, ಬಗ್ಗಿಸಿ ಮುಗಿಸುತ್ತಿದ್ದ.

"ಇದು 135 ಡಿಗ್ರಿ ಇರಬೇಕಲ್ಲಪ್ಪ? ತುದಿ ಒಳಕ್ಕೆ ಹೋಗಬೇಕಲ್ವಾ?"

"ಡ್ರಾಯಿಂಗ್‌ನಲ್ಲಿ ಹಾಗೇ ಇದೆ ಸಾರ್. ಆದ್ರೆ ಆಮೇಲೆ ಒಳಗೆ ಕಾಂಕ್ರೀಟ್ ಅಲ್ಲಾಡಿಸಿ ಕೂರಿಸೋ ವೈಬ್ರೇಟರ್ ಇಳಿಯಲ್ಲ ಅಂತಾರೆ. ಕಾಂಕ್ರೀಟ್ ಬಿದ್ಮೇಲೆ ಯಾರಿಗೆ ಕಾಣುತ್ತೆ?"

ಅವನ ಮಾತು ನೂರಕ್ಕೆ ನೂರು ನಿಜ. ಯಾರಿಗೂ ಕಾಣುವುದಿಲ್ಲ. ಭೂಕಂಪಕ್ಕೆ ಮಾತ್ರ ಕಾಣುತ್ತದೆ. ಕಂಬ ಜೋರಾಗಿ ಅಲ್ಲಾಡಿದಾಗ ಮೊದಲು ಹೊರಗಿನ ಕಾಂಕ್ರೀಟು ಸಿಪ್ಪೆಯಂತೆ ಉದುರುತ್ತದೆ. 90 ಡಿಗ್ರಿಯ ತುದಿ ಇದ್ದದ್ದೇ ಆ ಸಿಪ್ಪೆಯಲ್ಲಿ. ಸಿಪ್ಪೆ ಹೋದ ಕೂಡಲೇ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ದಪ್ಪ ಸರಳು ಬಿಲ್ಲಿನಂತೆ ಹೊರಕ್ಕೆ ಬಾಗುತ್ತದೆ, ಒಳಗಿನ ಕಾಂಕ್ರೀಟು ಪಟ್ಟಿ ಕಳಚಿದ ಪೀಪಾಯಿಯಂತೆ ಸುರಿಯುತ್ತದೆ. 135 ಡಿಗ್ರಿಯ ತುದಿ ಕಂಬದ ಹೊಟ್ಟೆಯೊಳಗೆ ಕಚ್ಚಿಕೊಂಡಿರುತ್ತದೆ, ಬಿಡುವುದಿಲ್ಲ. ವ್ಯತ್ಯಾಸ 45 ಡಿಗ್ರಿ. ಕೈ ಇನ್ನೊಂದು ಸಲ ತಿರುಗಿಸುವಷ್ಟು. ಕರಪತ್ರದ ನಕ್ಷತ್ರದಲ್ಲಿ '135 ಡಿಗ್ರಿ ಕೊಕ್ಕೆ' ಅಂತ ಬರೆದಿದ್ದರೆ ಅಲ್ಲೇ ಮುಂಗಡ ಎಣಿಸಿ ಕೊಡುತ್ತಿದ್ದೆ.

ತಿರುಗಿ ಬಂದಾಗ ಹುಡುಗ ಫೈಲು ಹಿಡಿದು ನಿಂತಿದ್ದ. "ಎಲ್ಲ ಸರ್ಟಿಫಿಕೇಟೂ ಇದೆ ಸರ್."

ಸರ್ಟಿಫಿಕೇಟಿನ ಮಾತು ಬಂದಾಗ ನನಗೆ ಟರ್ಕಿ ನೆನಪಾಗುತ್ತದೆ. 2018ರಲ್ಲಿ ಆ ದೇಶ ಬಹಳ ಒಳ್ಳೆಯ ಹೊಸ ಭೂಕಂಪ ನಿಯಮಗಳನ್ನು ಪ್ರಕಟಿಸಿತು. ಅದೇ ವರ್ಷ ಇನ್ನೊಂದು ಕಾನೂನೂ ಬಂತು. ನಿಯಮ ಮೀರಿ ಕಟ್ಟಿದ್ದೀರಾ? ಅರ್ಜಿ ಹಾಕಿ, ಶುಲ್ಕ ಕಟ್ಟಿ, ನೋಂದಣಿ ಪತ್ರ ತಗೊಳ್ಳಿ. ವಿವರವೆಲ್ಲ ಮಾಲೀಕರು ಹೇಳಿದ್ದೇ. ಮತ್ತೆ ಆ ಕಟ್ಟಡ ಭೂಕಂಪ ತಡೆಯುವ ಹೊಣೆ? ಅದೂ ಮಾಲೀಕರದ್ದೇ ಎಂದು ನಿಯಮದಲ್ಲೇ ಬರೆದಿತ್ತು. ಎಡಗೈಯಲ್ಲಿ ಪಾಠಪುಸ್ತಕ, ಬಲಗೈಯಲ್ಲಿ ಕ್ಷಮಾಪತ್ರ. ಲಕ್ಷಾಂತರ ಅರ್ಜಿ ಬಂದವು. 2023ರ ಫೆಬ್ರವರಿ 6ರಂದು 7.8 ಮತ್ತು 7.5ರ ಎರಡು ಭೂಕಂಪ ಒಂದೇ ದಿನ ಬಂದವು. ಟರ್ಕಿಯೊಂದರಲ್ಲೇ 50,000ಕ್ಕೂ ಜಾಸ್ತಿ ಜನ ಸತ್ತರು. ಬಿದ್ದದ್ದೆಲ್ಲ ಕ್ಷಮೆ ಪಡೆದ ಕಟ್ಟಡಗಳೇ ಅಲ್ಲ, ಅದೂ ನಿಜ. ಆದರೆ ನೆಲ ಅಲ್ಲಾಡುವಾಗ ಯಾವ ಮನೆಯ ಫೈಲನ್ನೂ ತೆರೆದು ನೋಡಲಿಲ್ಲ.

ಕ್ರೈಸ್ಟ್‌ಚರ್ಚಿನಲ್ಲೂ ಅಷ್ಟೇ. ಸತ್ತ 185 ಜನರಲ್ಲಿ 115 ಮಂದಿ ಇದ್ದದ್ದು ಒಂದೇ ಕಟ್ಟಡದಲ್ಲಿ. ಸೆಪ್ಟೆಂಬರಿನ ಭೂಕಂಪದ ನಂತರ ಅದಕ್ಕೆ 'ಬಳಸಬಹುದು' ಎನ್ನುವ ಹಸಿರು ಚೀಟಿ ಅಂಟಿಸಿದ್ದರು.

ಇಂಜಿನಿಯರುಗಳ ಭಾಷೆ ಈ ಹುಡುಗನದ್ದಕ್ಕಿಂತ ಬಹಳ ಸಪ್ಪೆ. ದೊಡ್ಡ ಭೂಕಂಪದಲ್ಲಿ ಮಾಮೂಲಿ ಮನೆ ಬಿರುಕು ಬಿಡಬಹುದು, ಸರಳು ಬಾಗಬಹುದು, ಮತ್ತೆ ವಾಸಕ್ಕೆ ಬಾರದೆಯೂ ಹೋಗಬಹುದು. ಒಳಗಿದ್ದವರು ಹೊರಗೆ ಬರುವವರೆಗೆ ಬೀಳಬಾರದು. ನಿಯಮ ಪುಸ್ತಕಗಳ ಮುಖ್ಯ ಲೆಕ್ಕ ಇಷ್ಟೇ. ಇದನ್ನು ಹಳದಿ ನಕ್ಷತ್ರದಲ್ಲಿ ಹಾಕಿದರೆ ಒಂದು ಫ್ಲ್ಯಾಟೂ ಹೋಗುವುದಿಲ್ಲ.

ಫೈಲಿನ ಕೊನೆಯಲ್ಲಿ ಕರಾರು ಇತ್ತು. ಕನ್ನಡಕ ಹಾಕಿಕೊಂಡೆ. ನಲ್ಲಿಗಳಿಗೆ 5 ವರ್ಷ ಗ್ಯಾರಂಟಿ. ಬಾಗಿಲ ಹಿಡಿಕೆಗೆ 1 ವರ್ಷ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ: ಬೆಂಕಿ, ಪ್ರವಾಹ, ಯುದ್ಧ, ಭೂಕಂಪ ಮುಂತಾದವುಗಳಿಂದ ಆಗುವ ಯಾವುದೇ ಹಾನಿಗೆ ಸಂಸ್ಥೆ ಹೊಣೆಯಲ್ಲ.

"ಏನಪ್ಪಾ, 8 ರಿಕ್ಟರ್ ಅಂದಿದ್ದೆಯಲ್ಲ?"

"ಅದು ಕರಪತ್ರ ಸರ್," ಎಂದ ಹುಡುಗ, ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚುತ್ತಾ. "ಇದು ಕರಾರುಪತ್ರ."