ಚಿನ್ನಕ್ಕೆ ಎಕ್ಸ್‌ಪಿ: ಇರಬೇಕೇ, ಬೇಡವೇ?

ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟದಲ್ಲಿ ಲೆವೆಲ್ (ಪಾತ್ರದ ಬಲದ ಹಂತ) ಏರಲು ಹೊತ್ತು ತಂದ ಚಿನ್ನವನ್ನು ಎಣಿಸುವ, ಕ್ಲಾಸಿಗೊಂದು (ಪಾತ್ರದ ಬಗೆಗೊಂದು) ಎಕ್ಸ್‌ಪಿ, ಅಂದರೆ ಅನುಭವದ ಅಂಕದ ಪಟ್ಟಿ ಇಡುವ ಹಳೆಯ ನಿಯಮ ಇವತ್ತಿಗೂ ಬೇಕೇ?

ಪರ: ಎಣಿಸಬೇಕು, ಚಿನ್ನವನ್ನೇ ಎಣಿಸಬೇಕು

ಯಾವುದಕ್ಕೆ ಅಂಕ ಸಿಗುತ್ತೋ ಆಟಗಾರರು ಅದನ್ನೇ ಮಾಡುತ್ತಾರೆ. ಕೊಂದರೆ ಅಂಕ ಅಂದರೆ ಎದುರಿಗೆ ಬಂದವರನ್ನೆಲ್ಲ ಕೊಲ್ಲುತ್ತಾರೆ. ಆಟ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಮನಸ್ಸಿಗೆ ಬಂದಾಗ ಲೆವೆಲ್ ಕೊಡುತ್ತಾರೆ ಅಂದರೆ ಡಿಎಂ ಮುಖ ನೋಡಿಕೊಂಡು ಕೂರುತ್ತಾರೆ. ಹಾಗಾಗಿ ಹೊಸ ಆಟ ಕಟ್ಟುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ನಮ್ಮ ಆಟದಲ್ಲಿ ಅಂಕ ಯಾವುದಕ್ಕೆ?

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತಂದಾಗಲೇ ಇದಕ್ಕೆ ಉತ್ತರ ಕೊಟ್ಟಿದ್ದರು. ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಅದೇ ಆಟದ 1981ರ ಬೇಸಿಕ್ ಪುಸ್ತಕದಲ್ಲಿ ಈ ನಿಯಮ ಎಷ್ಟು ಚೊಕ್ಕವಾಗಿ ಕೂತಿದೆ ನೋಡಿ. ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸ ಒಂದನ್ನು ಕೊಂದರೆ 5 ಎಕ್ಸ್‌ಪಿ. ಫೈಟರ್ ಎರಡನೇ ಲೆವೆಲ್‌ಗೆ ಹೋಗಲು 2,000 ಬೇಕು. ಅಂದರೆ ನಾನೂರು ಗಾಬ್ಲಿನ್! ಅದೂ ಅಂಕ ಯಾರ ಜೊತೆಗೂ ಹಂಚಿಕೊಳ್ಳದಿದ್ದರೆ. ಆ ಫೈಟರ್‌ಗೆ ಇರುವ ಜೀವವಾದರೂ ಎಷ್ಟು? ಎಂಟು ಮುಖದ ಡೈಸ್ ಒಂದು ಸಲ ಉರುಳಿಸಿದಷ್ಟು. ಎರಡು ಏಟಿಗೆ ಮುಗಿಯಿತು. ಕಾದಾಡಿ ಮೇಲೆ ಬರುವ ದಾರಿಯೇ ಇಲ್ಲ. ಕಾವಲು ತಪ್ಪಿಸಬೇಕು, ಮಾತಾಡಿ ಒಪ್ಪಿಸಬೇಕು, ಕದಿಯಬೇಕು, ಓಡಬೇಕು. ಒಂದೇ ಒಂದು ಸಾಲಿನ ನಿಯಮ ಇಷ್ಟೆಲ್ಲ ತಲೆ ಓಡಿಸುವಂತೆ ಮಾಡುತ್ತದೆ.

ಇನ್ನೊಂದು ಷರತ್ತು ಇದೆ. ಚಿನ್ನ ಸಿಕ್ಕಿದರೆ ಸಾಲದು, ಹೊರಗೆ ತರಬೇಕು. ಹತ್ತು ನಾಣ್ಯ ಅಂದರೆ ಒಂದು ಪೌಂಡ್ ತೂಕ. ಒಬ್ಬರು ಹೊರಬಹುದಾದ್ದು ಹೆಚ್ಚೆಂದರೆ 1,600 ನಾಣ್ಯದ ಭಾರ, ಅದರಲ್ಲೇ ಕವಚ ಆಯುಧ ಎಲ್ಲ ಬಂತು. ಭಾರ ಹೆಚ್ಚಾದ ಹಾಗೆ ನಡಿಗೆ ನಿಧಾನ. ನಮ್ಮ ಮೇಜಿನಲ್ಲಿ ಒಂದು ರಾತ್ರಿ ಊಟ ಮರೆತು ಕಿತ್ತಾಡಿದ್ದು ಇದಕ್ಕೇ. ಪಂಜು ಆರುವ ಹೊತ್ತಾಗಿತ್ತು, ಹಿಂದೆ ಆರ್ಕ್ ರಾಕ್ಷಸರ ಗುಂಪು. ಬುದ್ಧಿ ಇರುವ ಶತ್ರುಗಳ ಮುಂದೆ ಚಿನ್ನ ಚೆಲ್ಲಿದರೆ ಅವರು ನಿಂತು ಆರಿಸಿಕೊಳ್ಳಬಹುದು ಅಂತ ಪುಸ್ತಕದಲ್ಲೇ ಇದೆ. ಆದರೆ ಚೆಲ್ಲುವ ಒಂದೊಂದು ನಾಣ್ಯವೂ ಒಂದೊಂದು ಎಕ್ಸ್‌ಪಿ! ಕ್ಲೆರಿಕ್ (ಪೂಜಾರಿಯ ಪಾತ್ರ) ಚೀಲದ ಬಾಯಿ ಬಿಚ್ಚಿ ಕೈ ಹಾಕಿದ, ಥೀಫ್ ಅವನ ಕೈ ಹಿಡಿದುಕೊಂಡಳು. ಈ ದೃಶ್ಯವನ್ನು ಯಾವ ಡಿಎಂ ಬರೆದು ತರಲು ಆಗುತ್ತಿತ್ತು, ಹೇಳಿ?

ಕ್ಲಾಸಿಗೊಂದು ಪಟ್ಟಿಯೂ ಹೀಗೆಯೇ ಬುದ್ಧಿವಂತಿಕೆಯದ್ದು. ಅದೇ ಪುಸ್ತಕದಲ್ಲಿ ಎರಡನೇ ಲೆವೆಲ್‌ಗೆ ಥೀಫ್‌ಗೆ 1,200 ಸಾಕು, ಕ್ಲೆರಿಕ್‌ಗೆ 1,500. ಮ್ಯಾಜಿಕ್-ಯೂಸರ್‌ಗೆ 2,500. ಕತ್ತಿಯನ್ನೂ ಹಿಡಿದು ಮಂತ್ರವನ್ನೂ ಹಾಕುವ ಎಲ್ಫ್‌ಗೆ ಪೂರಾ 4,000. ಜಾಸ್ತಿ ಬಲ ಬೇಕೇ, ಜಾಸ್ತಿ ಕಾಯಬೇಕು. ಈಗಿನವರು ಎಲ್ಲ ಕ್ಲಾಸ್‌ಗಳನ್ನೂ ಪ್ರತಿ ಲೆವೆಲ್‌ನಲ್ಲೂ ಸಮ ಮಾಡಲು ಹೋಗಿ ಎಲ್ಲವನ್ನೂ ಒಂದೇ ರುಚಿಗೆ ತಂದಿದ್ದಾರೆ. ಹಳೆಯ ಪಟ್ಟಿಗೆ ಆ ಕಷ್ಟವೇ ಇಲ್ಲ. 20,000 ಎಕ್ಸ್‌ಪಿ ಆಗುವಾಗ ಮ್ಯಾಜಿಕ್-ಯೂಸರ್ ಐದನೇ ಲೆವೆಲ್‌ಗೆ ಬಂದು ಫೈರ್‌ಬಾಲ್ ಅನ್ನುವ ಬೆಂಕಿಯುಂಡೆಯ ಮಂತ್ರ ಕಲಿಯುತ್ತಾನೆ. ಅಷ್ಟರಲ್ಲಿ ಥೀಫ್ ಆರನೇ ಲೆವೆಲ್. ಇಬ್ಬರೂ ಬೇರೆ ಬೇರೆ, ಇಬ್ಬರಿಗೂ ನ್ಯಾಯ.

ಅಂಕ ಎಣಿಸದೆ ಕಥೆಯ ಒಂದು ಘಟ್ಟ ಮುಗಿದಾಗ ಲೆವೆಲ್ ಕೊಡುವ ಮೈಲಿಗಲ್ಲಿನ ಪದ್ಧತಿ ಬೇಕು ಅನ್ನುವವರು ಲೆಕ್ಕ ಬರೆಯೋದು ಬೇಜಾರು ಅನ್ನುತ್ತಾರೆ. ಒಂದು ಕೂಡುವ ಲೆಕ್ಕ, ಒಂದು ಭಾಗಿಸುವ ಲೆಕ್ಕ. ಸೆಷನ್ ಮುಗಿದ ಮೇಲೆ ಚಹಾ ಕುಡಿಯುತ್ತಾ ಐದು ನಿಮಿಷದಲ್ಲಿ ಮುಗಿಯುವ ಕೆಲಸ. ನಮ್ಮಲ್ಲಿ ಎಲ್ಲರೂ ಕಾಯುವುದೇ ಆ ಐದು ನಿಮಿಷಕ್ಕೆ.

ವಿರೋಧ: ಮೇಜಿಗೆ ಬರಲಾಗದವರ ಗತಿ ಏನು?

ವಿರೋಧದ ಕಡೆ ಬರೆಯಿರಿ ಅಂತ ನನಗೆ ಹೇಳಿದ್ದಾರೆ. ಹಳೆಯ ಪುಸ್ತಕಗಳನ್ನು ನಾನೂ ಇಷ್ಟಪಟ್ಟು ಆಡುತ್ತೇನೆ. ಚಿನ್ನದ ನಿಯಮದ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೂ ಈ ಕಡೆಯಿಂದ ಹೇಳಲೇಬೇಕಾದ ಮಾತುಗಳಿವೆ.

ಮೊದಲನೆಯದು, ಎಲ್ಲ ಕಥೆಯೂ ಕಳ್ಳತನದ ಕಥೆ ಅಲ್ಲ. ಹಳ್ಳಿಯನ್ನು ಉಳಿಸುವ ಕಥೆ ಇರುತ್ತದೆ, ಕಳೆದುಹೋದ ತಂಗಿಯನ್ನು ಹುಡುಕುವ ಕಥೆ ಇರುತ್ತದೆ. ಅಲ್ಲಿ ನಾಣ್ಯ ಎಣಿಸುತ್ತಾ ಕೂತರೆ ಹೇಗೆ? ಚಿನ್ನದ ನಿಯಮ ಇಟ್ಟರೆ ನಿಮ್ಮ ವೀರರೆಲ್ಲ ಚೀಲ ಹೊರುವ ಕೂಲಿಗಳಾಗುತ್ತಾರೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 1989ರ ಎರಡನೇ ಆವೃತ್ತಿ ಬರುವ ಹೊತ್ತಿಗೇ ಇದು ಬೇಕಿದ್ದರೆ ಇಟ್ಟುಕೊಳ್ಳಿ ಅನ್ನುವ ನಿಯಮವಾಗಿತ್ತು. 2000ದ ಮೂರನೇ ಆವೃತ್ತಿ ಕ್ಲಾಸಿಗೊಂದು ಪಟ್ಟಿಯನ್ನೂ ತೆಗೆದು ಎಲ್ಲರಿಗೂ ಒಂದೇ ಪಟ್ಟಿ ಮಾಡಿತು. 2014ರ ಐದನೆಯದು ಎಕ್ಸ್‌ಪಿ ಇಲ್ಲದೆಯೇ ಲೆವೆಲ್ ಕೊಡುವ ದಾರಿಯನ್ನೂ ತೋರಿಸಿದೆ. ಸುಮ್ನೆ ಬದಲಾಯಿಸಿದ್ದಲ್ಲ ಅಲ್ವಾ?

ನನಗೆ ನಿಜವಾಗಿ ಮುಖ್ಯ ಅನಿಸುವುದು ಇನ್ನೊಂದು. ನಮ್ಮ ಗುಂಪಿನಲ್ಲಿ ಒಬ್ಬಳು ನರ್ಸ್ ಇದ್ದಳು. ಕ್ಲೆರಿಕ್ ಆಡುತ್ತಿದ್ದಳು, ತುಂಬಾ ಚೆನ್ನಾಗಿ ಆಡುತ್ತಿದ್ದಳು. ತನ್ನ ದೇವರಿಗೆ ತಾನೇ ಒಂದು ಹರಕೆಯ ಪದ್ಧತಿ ಕಟ್ಟಿದ್ದಳು. ಗಾಯಗೊಂಡವರ ಹಣೆಗೆ ಎಣ್ಣೆ ಹಚ್ಚಿಯೇ ಮಂತ್ರ ಹೇಳುವುದು. ನಾವೆಲ್ಲ ಅದಕ್ಕಾಗಿಯೇ ಕಾಯುತ್ತಿದ್ದೆವು. ಭಾನುವಾರ ನೈಟ್ ಡ್ಯೂಟಿ ಬಿದ್ದರೆ ಅವಳು ಬರುವ ಹಾಗಿರಲಿಲ್ಲ. ಆವತ್ತು ಇದ್ದವರಿಗೆ ಮಾತ್ರ ಎಕ್ಸ್‌ಪಿ, ಅದು ಆಗ ನಮ್ಮ ಡಿಎಂ ಹಾಕಿದ್ದ ನಿಯಮ. ಮಳೆಗಾಲ ಕಳೆಯುವ ಹೊತ್ತಿಗೆ ಉಳಿದವರು ನಾಲ್ಕನೇ ಲೆವೆಲ್, ಅವಳು ಎರಡರಲ್ಲೇ. ನಮ್ಮನ್ನು ಬರೀ ಗೀರಿ ಹೋಗುವ ಶತ್ರುವಿನ ಒಂದೇ ಏಟಿಗೆ ಅವಳ ಕ್ಲೆರಿಕ್ ನೆಲಕ್ಕೆ ಬೀಳುತ್ತಿದ್ದಳು. ಅವಳು ದೂರು ಹೇಳಲಿಲ್ಲ. ಪಾತ್ರದ ಹಾಳೆಯನ್ನು ಮಡಿಚಿ ಪುಸ್ತಕದೊಳಗೆ ಇಟ್ಟಳು, ಮುಂದಿನ ಸಲದಿಂದ ಬರಲಿಲ್ಲ.

ಪರ ಬರೆದವರು ಎಲ್ಲರಿಗೂ ನ್ಯಾಯ ಅಂದಿದ್ದಾರೆ. ದಿನಗೂಲಿ, ಶಿಫ್ಟ್ ಕೆಲಸ, ಮನೆಯಲ್ಲಿ ಮಗು ಇರುವವರಿಗೆ ಅದು ಯಾವ ನ್ಯಾಯ? ಆಟಕ್ಕೆ ಬರಲು ಬಿಡುವು ಇರುವವರೇ ಬಲಶಾಲಿಗಳಾಗುತ್ತಾ ಹೋಗುತ್ತಾರೆ.

ಅಂಕ ಬಿಟ್ಟು ಬೆಳೆಯುವ ದಾರಿಗಳೂ ಹೊಸದೇನಲ್ಲ. 1978ರ ರೂನ್‌ಕ್ವೆಸ್ಟ್ ಅನ್ನುವ ಇನ್ನೊಂದು ಆಟದಲ್ಲಿ ಕ್ಲಾಸೂ ಇಲ್ಲ, ಲೆವೆಲೂ ಇಲ್ಲ. ಕತ್ತಿ ಬಳಸಿ ಗೆದ್ದರೆ ಅದರ ಮುಂದೆ ಒಂದು ಗುರುತು. ಸಾಹಸ ಮುಗಿದ ಮೇಲೆ ನೂರರ ಡೈಸ್ ಉರುಳಿಸಿ, ಈಗಿರುವ ಶೇಕಡಾಕ್ಕಿಂತ ಮೇಲೆ ಬಿದ್ದರೆ ಕೈ ಪಳಗಿತು ಅಂತ ಲೆಕ್ಕ. ಚೆನ್ನಾಗಿ ಬಂದವನಿಗೆ ಮುಂದೆ ಕಲಿಯುವುದು ಕಷ್ಟ, ಹೊಸಬನಿಗೆ ಸುಲಭ. ಹಿಂದೆ ಬಿದ್ದವರು ಬೇಗ ಹತ್ತಿರ ಬರುತ್ತಾರೆ.

ಕ್ಲಾಸ್ ಬೇಕೇ ಬೇಕು ಅನ್ನುವವರು ಮೈಲಿಗಲ್ಲು ಇಟ್ಟುಕೊಳ್ಳಲಿ. ಅಧ್ಯಾಯ ಮುಗಿದಾಗ ಎಲ್ಲರೂ ಒಟ್ಟಿಗೆ ಏರಲಿ, ಆವತ್ತು ಬಂದವರೂ, ಡ್ಯೂಟಿಯಲ್ಲಿದ್ದವರೂ. ಯಾವ ಕೆಲಸಕ್ಕೆ ಲೆವೆಲ್ ಅನ್ನುವುದನ್ನು ಡಿಎಂ ಮೊದಲ ದಿನವೇ ಎಲ್ಲರೆದುರು ಹೇಳಿಬಿಡಲಿ. ಆಗ ಯಾರೂ ಯಾರ ಮುಖವನ್ನೂ ನೋಡಿಕೊಂಡು ಕೂರಬೇಕಾಗಿಲ್ಲ.