ಜಾತ್ರಿ ಬಂತಂತ ಗುಡಿ ಕಲ್ಲಿಗೆ ಆಯಿಲ್ ಪೇಂಟ್ ಬಳಿಬ್ಯಾಡ್ರಿ

ನಮ್ಮ ಕಲಬುರಗಿ, ಯಾದಗಿರಿ, ಬೀದರ ಕಡೆ ಯಾವ ಹಳ್ಳಿಗೆ ಹೋದರೂ ಒಂದು ಹಳೇ ಕಲ್ಲಿನ ಗುಡಿ, ಅಗಸಿ ಬಾಗಿಲ ಹತ್ತಿರ ಒಂದು ಶಾಸನದ ಕಲ್ಲು, ಹನುಮಪ್ಪನ ಕಟ್ಟಿ ಮ್ಯಾಲ ಒಂದೆರಡು ವೀರಗಲ್ಲು ಸಿಕ್ಕೇ ಸಿಗುತ್ತವೆ. ಇವುಗಳಿಗೆ ಮಳೆ, ಬಿಸಿಲು, ಎಮ್ಮೆಗಳಿಂದ ಆದ ಕೇಡಿಗಿಂತ ಜಾತ್ರಿ ಮುಂದಿನ ಎಂಟು ದಿನದಲ್ಲಿ ಆಗುವ ಕೇಡೇ ಹೆಚ್ಚು. ಯಾರಿಗೂ ಕೆಟ್ಟ ಮನಸ್ಸಿಲ್ಲ. ಕಮಿಟಿಯವರು ಮನಿಮನಿಗೆ ಹೋಗಿ ಪಟ್ಟಿ ಎತ್ತಿರುತ್ತಾರೆ, ಗುಡಿ ಚಂದ ಕಾಣಬೇಕು ಅನ್ನುವ ಭಕ್ತಿ ಇರುತ್ತದೆ. ಆದರೆ ತೇರು ಎಳಿಯೋದಕ್ಕೆ ಎಂಟು ದಿನ ಇದ್ದಾಗ ಕೆಲಸ ಶುರು ಮಾಡಿದರೆ ಅಷ್ಟರೊಳಗೆ ಮುಗಿಯುವುದು ಎರಡೇ: ಸಿಮೆಂಟು ಮತ್ತು ಆಯಿಲ್ ಪೇಂಟು. ಎರಡೂ ಹಳೇ ಕಲ್ಲಿಗೆ ವಿಷ.

ಪೇಂಟಿನ ವಿಚಾರ ಮೊದಲು. ಕಲ್ಲು ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಮೈಯಿಂದ ಹೊರಗೆ ಬಿಡುತ್ತದೆ. ಎನಾಮಲ್, ಅಂದರೆ ಈ ಆಯಿಲ್ ಪೇಂಟು, ಬಳಿದರೆ ಆ ದಾರಿ ಮುಚ್ಚುತ್ತದೆ. ಒಳಗಿನ ನೀರು ಉಪ್ಪಿನ ಸಮೇತ ಪೇಂಟಿನ ಹಿಂದೆ ನಿಲ್ಲುತ್ತದೆ, ಒಣಗಿದಾಗ ಉಪ್ಪು ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನೇ ನೂಕುತ್ತದೆ. ಎರಡು ಮೂರು ವರ್ಷಕ್ಕೆ ಪೇಂಟು ಸಿಪ್ಪೆ ಏಳುತ್ತದೆ, ಅದರ ಜೋಡಿ ಮೂರ್ತಿಯ ಮೂಗು, ಬಳ್ಳಿಯ ಕುಸುರಿ, ಶಾಸನದ ಅಕ್ಷರ ಚಕ್ಕೆಯಾಗಿ ಉದುರುತ್ತವೆ. ಮುಂದಿನ ಜಾತ್ರಿಗೆ ಅದರ ಮ್ಯಾಲ ಮತ್ತೊಂದು ಕೋಟು. ನಾಲ್ಕೈದು ಕೋಟು ಬಿದ್ದ ಶಾಸನದಲ್ಲಿ ಅಕ್ಷರದ ಗೆರೆ ಬೆರಳಿಗೂ ಸಿಗುವುದಿಲ್ಲ.

ಇದಕ್ಕಿಂತ ಕೆಟ್ಟದ್ದು, 'ಅಕ್ಷರ ಎದ್ದು ಕಾಣಲಿ' ಅಂತ ಪೇಂಟರ್ ಕೈಯಿಂದ ಅಕ್ಷರದೊಳಗೆ ಬಿಳಿ ಬಣ್ಣ ತುಂಬಿಸುವುದು. ಸಾವಿರ ವರ್ಷದ ಹಿಂದಿನ ಲಿಪಿಯಲ್ಲಿ ಮ, ವ ಒಂದಕ್ಕೊಂದು ಹತ್ತಿರ ಕಾಣುತ್ತವೆ. ಈಗ ಬಳಕೆಯಲ್ಲಿ ಇಲ್ಲದ ಱ, ೞ ಇರುತ್ತವೆ. ಪೇಂಟರ್ ತನಗೆ ತಿಳಿದ ಆಕಾರಕ್ಕೆ ಗೆರೆ ಎಳೆಯುತ್ತಾನೆ. ಆಮೇಲೆ ಓದಲು ಬಂದವರು ಓದುವುದು ಪೇಂಟರ್ ಬರೆದದ್ದನ್ನು, ಶಾಸನವನ್ನಲ್ಲ.

ಇನ್ನು ಸಿಮೆಂಟು. ನಮ್ಮ ಎರೆ ಭೂಮಿ ಮಳೆಗಾಲಕ್ಕೆ ಉಬ್ಬುತ್ತದೆ, ಬ್ಯಾಸಿಗಿಗೆ ಕೈ ಹಿಡಿಸುವಷ್ಟು ಬಿರಿಯುತ್ತದೆ. ಹಳೇ ಗುಡಿಯ ಕಲ್ಲುಗಳು ಗಾರೆ ಇಲ್ಲದೆ, ಇಲ್ಲವೇ ಮೆತ್ತನೆಯ ಗಚ್ಚಿನಲ್ಲಿ (ಸುಣ್ಣದ ಗಾರೆಯಲ್ಲಿ) ಕೂತಿರುವುದರಿಂದ ನೆಲದ ಜೋಡಿ ಕೂದಲೆಳೆಯಷ್ಟು ಅಲುಗಾಡಿ ಮತ್ತೆ ಕೂಡುತ್ತವೆ. ಸಂದಿಗೆ ಸಿಮೆಂಟು ತುರುಕಿದರೆ ಅದು ಬಗ್ಗುವುದಿಲ್ಲ. ಸಿಮೆಂಟಿನ ಪಕ್ಕದ ಕಲ್ಲೇ ಸೀಳುತ್ತದೆ, ಸೀಳಿನೊಳಗೆ ನೀರು ಇಳಿಯುತ್ತದೆ. ಸೋರುವ ಮಾಳಗಿ ಮೇಲೆ ಕಾಂಕ್ರೀಟ್ ಹಾಕಿಸುವವರು ಒಂದು ಲೆಕ್ಕ ಹಾಕಿ ನೋಡಲಿ: 20 ಅಡಿ ಉದ್ದ, 20 ಅಡಿ ಅಗಲ, 4 ಇಂಚು ದಪ್ಪದ ಸ್ಲ್ಯಾಬ್ ಅಂದರೆ ಸುಮಾರು 9 ಟನ್ ಭಾರ. ಆ ಕಂಬ, ತೊಲೆಗಳನ್ನು ನಿಲ್ಲಿಸಿದವರು ಈ ಭಾರ ಎಣಿಸಿರಲಿಲ್ಲ.

ಗುಡಿ ಸುತ್ತ ಟೈಲ್ಸ್ ಹಾಕಿಸುವುದು ಈಗಿನ ಹೊಸ ಚಟ. ನೆಲ ಒಂದೂವರೆ ಅಡಿ ಏರಿದರೆ ನಿಂತ ಶಾಸನದ ಕೆಳಗಿನ ಐದಾರು ಸಾಲು ಹೂತು ಹೋಗುತ್ತವೆ. ಶಾಸನದ ತಲೆ ಮ್ಯಾಲ ಲಿಂಗ, ಆಕಳು-ಕರು, ಸೂರ್ಯ-ಚಂದ್ರ. ಮೊದಲ ಸಾಲುಗಳಲ್ಲಿ 'ಸ್ವಸ್ತಿ ಸಮಸ್ತ ಭುವನಾಶ್ರಯ' ಅಂತ ರಾಜನ ಬಿರುದುಗಳು. ಅವು ನೂರು ಕಲ್ಲುಗಳಲ್ಲಿ ಒಂದೇ ತೆರ. ನಿಮ್ಮ ಊರಿನದು ಅನ್ನುವುದು ಇರುವುದು ಕೆಳಗೆ: ಎಷ್ಟು ಮತ್ತರು (ಹಳೇ ಕಾಲದ ಭೂಮಿ ಅಳತೆ) ಹೊಲ ಬಿಟ್ಟರು, ಅದರ ಮೂಡಣ ಗಡಿ ಯಾವ ಹಳ್ಳ, ದೀಪಕ್ಕೆ ಯಾವ ಗಾಣದ ಎಣ್ಣೆ, ಈ ಧರ್ಮ ಅಳಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ (ಆಕಳು) ಕೊಂದ ಪಾಪ ಅನ್ನುವ ಶಾಪ. ಟೈಲ್ಸ್ ನುಂಗುವುದು ಅದನ್ನೇ.

'ನಮ್ಮೂರ ಕಲ್ಲಿನಾಗ ಅಂಥಾದ್ದೇನೈತ್ರಿ' ಅನ್ನುವವರು ಕಲಬುರಗಿ ಜಿಲ್ಲೆಯ ಸನ್ನತಿ ನೆನಪಿಸಿಕೊಳ್ಳಬೇಕು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಮಾಳಗಿ ಕುಸಿಯಿತು. ತೆರವು ಮಾಡುವಾಗ ಮೂರ್ತಿಯ ಪೀಠಕ್ಕೆ ಹಾಕಿದ್ದ ಕಲ್ಲು ಅಶೋಕನ ಶಾಸನ ಅಂತ ತಿಳಿಯಿತು. ಮೂರ್ತಿ ಕೂಡಿಸಲು ಹಿಂದೆ ಯಾರೋ ಅದರ ನಡುವೆ ತೂತು ಕೊರೆದಿದ್ದರು; ಅಲ್ಲಿದ್ದ ಅಕ್ಷರ ಹೋದವು. ಅಲ್ಲೇ ಹತ್ತಿರ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಸೋಕೋ' ಅಂತ ಹೆಸರು ಕೊರೆದ ಅಶೋಕನ ಶಿಲ್ಪವೇ ಸಿಕ್ಕಿತು. ಚಿತ್ತಾಪುರದ ಮಗ್ಗಲ ನಾಗಾವಿಯಲ್ಲಿ 1058ರ ಶಾಸನ ಘಟಿಕಾಸ್ಥಾನದ, ಅಂದರೆ ಆ ಕಾಲದ ದೊಡ್ಡ ವಿದ್ಯಾಕೇಂದ್ರದ, ಗ್ರಂಥಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು (ಗ್ರಂಥಪಾಲಕರು) ಇದ್ದರು ಅಂತ ಹೇಳುತ್ತದೆ. ಆ ಕಲ್ಲಿಗೆ ಯಾರಾದರೂ ನಾಲ್ಕು ಕೋಟು ಬಳಿದಿದ್ದರೆ ಈ ಮಾತು ನಮಗೆ ಗೊತ್ತಾಗುತ್ತಲೇ ಇರಲಿಲ್ಲ.

ಹಾಗಾದರೆ ಪಟ್ಟಿ ರೊಕ್ಕ ಯಾವುದಕ್ಕೆ ಖರ್ಚು ಮಾಡಬೇಕು? ದೀಪಾವಳಿ ದಾಟಿದ ಕೂಡಲೇ ಕಮಿಟಿ ಕೂಡಿಸಿರಿ. ಹೋಳಿ ಹುಣ್ಣಿವಿ ಆಸುಪಾಸಿನ ಜಾತ್ರಿಗೆ ಇನ್ನೂ ಮೂರು ನಾಲ್ಕು ತಿಂಗಳು ಇರುತ್ತದೆ. ಮೊದಲ ಖರ್ಚು ನೀರಿನ ದಾರಿಗೆ. ಗ್ವಾಡಿಯಿಂದ ನಾಲ್ಕು ಅಡಿತನಕ ನೆಲ ಹೊರಗೆ ಇಳಿಜಾರು ಇರಲಿ, ಬುಡಕ್ಕೆ ಬಂದು ಕೂತ ಮಣ್ಣು ತೆಗೆದು ಹಳೇ ಅಧಿಷ್ಠಾನ (ಗುಡಿಯ ಬುಡದ ಕಟ್ಟೆ) ಕಾಣುವಂತೆ ಮಾಡಿರಿ. ಹಾರಿ, ಜೇಸಿಬಿ ಬ್ಯಾಡ. ಕುರುಪಿ, ಬುಟ್ಟಿ ಸಾಕು. ಅಗಿಯುವಾಗ ತಾಮ್ರಪಟ, ನಾಣ್ಯ ಸಿಕ್ಕರೆ ಮುಚ್ಚಿಡುವಂತಿಲ್ಲ. 1962ರ ಕರ್ನಾಟಕ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮಾಳಗಿ ಮ್ಯಾಲ ಹುಟ್ಟಿದ ಅರಳಿ, ಬಸರಿ ಸಸಿ ಗೇಣುದ್ದ ಇದ್ದಾಗಲೇ ಬೇರುಸಹಿತ ಕೀಳಿರಿ. ಬೇರು ಸಂದಿಯೊಳಗೆ ಇಳಿದಿದ್ದರೆ ಜಗ್ಗಬಾರದು, ಕಲ್ಲೇ ಕಿತ್ತು ಬರುತ್ತದೆ. ಮೇಲಿಂದ ಕಡಿದು, ಚಿಗುರಿದಾಗಲೆಲ್ಲ ಚಿವುಟಿ ಒಣಗಿಸಬೇಕು.

ಸಂದಿ ತುಂಬಲು ಗಚ್ಚು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ ಕಡಿಮೆ ಅಂದರೆ ಹದಿನೈದು ದಿನ ಮೇಲೆ ನೀರು ನಿಂತಿರುವಂತೆ ಬಿಡಬೇಕು. ಅರಳದ ಕಾಳು ಉಳಿದರೆ ಗ್ವಾಡಿಯೊಳಗೆ ಅರಳಿ ಗಚ್ಚನ್ನು ಸಿಡಿಸುತ್ತದೆ. ಒಂದು ಪಾಲು ಸುಣ್ಣ, ಎರಡು ಪಾಲು ತೊಳೆದ ಉಸುಕು, ಒಂದು ಪಾಲು ಇಟ್ಟಂಗಿ ಪುಡಿ. ಹಳ್ಳದ ಉಸುಕು ತೊಳೆಯದೆ ಹಾಕಿದರೆ ಅದರ ಮಣ್ಣಿನಿಂದ ಬಿರುಕು ಬೀಳುತ್ತದೆ. ಸಂದಿಗೆ ಮೊದಲು ನೀರು ಚಿಮುಕಿಸಿ, ಗಚ್ಚು ಒತ್ತಿ, ಹತ್ತು ದಿನ ಹಸಿ ಗೋಣಿತಟ್ಟು ಹೊದಿಸಿರಿ. ಬಿಸಿಲಿಗೆ ಗಡಬಡಿಸಿ ಒಣಗಿದರೆ ಪುಡಿಪುಡಿ ಆಗುತ್ತದೆ. ಇದಕ್ಕೇ ಚಳಿಗಾಲ ಬೇಕು ಅನ್ನುವುದು. ಗಚ್ಚಿನ ಕೈ ಇರುವ ಹಳೇ ಗೌಂಡಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ, ಕೆಲಸ ಕೊಟ್ಟರೆ ಹುಡುಗರಿಗೂ ಕಲಿಸುತ್ತಾರೆ. ಶಹಾಬಾದ, ಸೇಡಂ ಕಡೆ ನೆಲದ ತುಂಬ ಸುಣ್ಣದ ಕಲ್ಲೇ ಇರುವ ನಾಡಿನಲ್ಲಿ ಗಚ್ಚು ಮರೆತು ಹೋಗುವುದು ಸಂಕಟದ ಮಾತು.

ಶಾಸನ ತೊಳೆಯಲು ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್, ಸಂದಿಯ ಮಣ್ಣಿಗೆ ಬಿದಿರಿನ ಕಡ್ಡಿ. ತಂತಿ ಬ್ರಷ್, ಸೋಪಿನ ಪುಡಿ, ಸೋಡಾ ಯಾವುದೂ ಬ್ಯಾಡ. ಪಾಯಿಖಾನಿ ತೊಳೆಯುವ ಆಸಿಡ್ ಅಂತೂ ಶಹಾಬಾದ ಕಲ್ಲನ್ನು ನೊರೆ ಎಬ್ಬಿಸಿ ಕರಗಿಸುತ್ತದೆ. ಹಳೇ ಪೇಂಟು, ಎಣ್ಣೆ ಜಿಡ್ಡು ಇದ್ದರೆ ಕೆರೆಯದೆ ಹಾಗೇ ಬಿಡಿರಿ. ಅದು ಪುರಾತತ್ವ ಇಲಾಖೆಯ ರಸಾಯನ ತಜ್ಞರ ಕೆಲಸ. ಅಕ್ಷರ ಕಾಣಲು ಹಿಟ್ಟು, ಸೀಮೆಸುಣ್ಣ ತಿಕ್ಕುವುದೂ ಬ್ಯಾಡ. ಕತ್ತಲಾದ ಮ್ಯಾಲ ಮೊಬೈಲ್ ಟಾರ್ಚನ್ನು ಕಲ್ಲಿನ ಮಗ್ಗಲಿಗೆ, ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಹಗಲಿನಲ್ಲಿ ಕಾಣದ ಅಕ್ಷರ ನೆರಳಿನಿಂದ ಎದ್ದು ಬರುತ್ತವೆ. ಇನ್ನೊಬ್ಬರು ನೇರ ಎದುರಿಗೆ ನಿಂತು, ಒಂದು ಸ್ಕೇಲ್ ಪಕ್ಕದಲ್ಲಿಟ್ಟು, ನಾಲ್ಕೈದು ಸಾಲಿಗೊಂದು ಫೋಟೋ ತೆಗೆಯಲಿ. ಎಡದಿಂದ ಒಮ್ಮೆ, ಮೇಲಿಂದ ಒಮ್ಮೆ ಬೆಳಕು ಹಿಡಿಯಬೇಕು.

ಮೊಹರಂಗೆ ಅಲಾಯಿ ಕುಣಿ (ಬೆಂಕಿ ಹಾಕುವ ಗುಂಡಿ) ತೋಡುವ ಊರುಗಳಲ್ಲೂ ಇದೇ ಮಾತು. ಬೆಂಕಿ ಕಾವಿಗೆ ಕಲ್ಲು ಸಿಡಿಯುತ್ತದೆ; ಕುಣಿ ಮತ್ತು ಹಳೇ ಕಲ್ಲಿನ ನಡುವೆ ಹತ್ತಡಿ ಆದರೂ ಬಿಡಿರಿ. ದರ್ಗಾದ ಪಾರಸಿ ಶಾಸನಕ್ಕೆ ಹಸಿರು ಪೇಂಟು ಬಳಿಯುವುದೂ ಅದೇ ಕೇಡು.

'ಮೊದಲಿನಿಂದ ಬಂದ ಪದ್ಧತಿ' ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ. ಎನಾಮಲ್ ಡಬ್ಬಿ ನಮ್ಮ ಅಜ್ಜಂದಿರ ಕಾಲದ್ದಲ್ಲ. ಹಳೇ ಪದ್ಧತಿ ಬಿಟ್ಟರೂ ಜಾತ್ರಿ ನಿಲ್ಲುವುದಿಲ್ಲ. ಯಾದಗಿರಿ ಜಿಲ್ಲೆಯ ಮೈಲಾಪುರದ ಮೈಲಾರಲಿಂಗನ ಜಾತ್ರಿಯಲ್ಲಿ ಪಲ್ಲಕ್ಕಿ ಮ್ಯಾಲ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ. ಆದರೂ ಭಂಡಾರ ಹಾರುತ್ತದೆ, ಸರಪಳಿ ಹರಿಯುತ್ತದೆ, ಜನ ಸೇರುತ್ತಾರೆ.

ಈ ವರ್ಷ ಕಮಿಟಿಯವರು ಫ್ಲೆಕ್ಸ್‌ಗೆ ಹಾಕುವ ರೊಕ್ಕದಲ್ಲಿ ಒಂದು ಫ್ಲೆಕ್ಸಿನ ರೊಕ್ಕ ಉಳಿಸಿ, ಶಾಸನದ ಪಾಠ ಮತ್ತು ಹೊಸಗನ್ನಡದಲ್ಲಿ ಅದರ ಅರ್ಥ ಬರೆಸಿದ ಬೋರ್ಡನ್ನು ಕಲ್ಲಿನಿಂದ ದೂರ, ಬೇರೆ ಕಂಬಕ್ಕೆ ಹಾಕಿಸಲಿ. ಕಲ್ಲಿಗೆ ಮೊಳೆ ಹೊಡಿಬ್ಯಾಡ್ರಿ. ಈಗಿನ ಇಸವಿ ತಿಳಿಯಲು, ತೇದಿಯಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿರಿ. ಚಾಲುಕ್ಯ ವಿಕ್ರಮ ವರ್ಷ (ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯ ಶುರು ಮಾಡಿದ ಎಣಿಕೆ) ಇದ್ದರೆ 1075. ತಾವಾಗಿ ಓದಲು ಆಗದಿದ್ದರೆ ಫೋಟೋಗಳನ್ನು ಹತ್ತಿರದ ವಿಶ್ವವಿದ್ಯಾಲಯದ ಕನ್ನಡ ಅಥವಾ ಇತಿಹಾಸ ವಿಭಾಗಕ್ಕೆ, ಇಲ್ಲವೇ ಮೈಸೂರಿನಲ್ಲಿರುವ ಕೇಂದ್ರ ಪುರಾತತ್ವ ಸರ್ವೇಕ್ಷಣದ ಶಾಸನ ವಿಭಾಗಕ್ಕೆ ಕಳಿಸಿರಿ. ಜೋಡಿ ಊರು, ತಾಲ್ಲೂಕು, ಸರ್ವೇ ನಂಬರ್, ಕಲ್ಲಿನ ಎತ್ತರ-ಅಗಲ, ಸಾಲುಗಳ ಸಂಖ್ಯೆ, ಕಲ್ಲು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದನ್ನು ಬರೆಯಿರಿ. ಓದುವುದು ಮುಗಿಯುವತನಕ ಕಲ್ಲನ್ನು ಇದ್ದ ಜಾಗದಿಂದ ಅಲುಗಾಡಿಸಬ್ಯಾಡ್ರಿ. ಹೊಲದ ಗಡಿ ಹೇಳುವ ಶಾಸನಕ್ಕೆ ಅದು ನಿಂತ ಜಾಗವೂ ಸಾಕ್ಷಿ.